ಎಂಪ್ಲಾಯರ್ ಆಫ್ ರೆಕಾರ್ಡ್: ಕೆಲಸ ಅಲ್ಲಿಯದು, ನೌಕರಿ ಇಲ್ಲಿಯದು

ನನ್ನ ಗೆಳೆಯನೊಬ್ಬ ಹುಬ್ಬಳ್ಳಿಯ ತನ್ನ ಮನೆ ಮಹಡಿಯಲ್ಲಿ ಕೂತು ನೆದರ್‌ಲೆಂಡ್ಸ್‌ನ ಕಂಪನಿಯೊಂದಕ್ಕೆ ಕೋಡ್ ಬರೆಯುತ್ತಾನೆ. ಮನೆ ಸಾಲಕ್ಕೆ ಅಂತ ಬ್ಯಾಂಕಿಗೆ ಹೋದಾಗ ಅರ್ಜಿಯಲ್ಲಿ ಆ ಡಚ್ ಕಂಪನಿಯ ಹೆಸರು ತುಂಬಿಸಿದ್ದ. ಆದರೆ ಸ್ಯಾಲರಿ ಸ್ಲಿಪ್‌ನಲ್ಲೂ ಫಾರಂ 16ರಲ್ಲೂ ಇದ್ದದ್ದು ಬೆಂಗಳೂರಿನ ಬೇರೊಂದು ಕಂಪನಿಯ ಹೆಸರು. "ನೀವು ಕೆಲಸ ಮಾಡೋದು ಇಲ್ಲೋ, ಅಲ್ಲೋ?" ಅಂತ ಅಧಿಕಾರಿ ಕೇಳಿದರು. "ಎರಡೂ ಕಡೆ ಸರ್" ಅಂದುಬಿಟ್ಟ. ಆ ಒಂದು ಮಾತಿಗೆ ಹದಿನೈದು ದಿನ ಅಲೆದಾಡಿದ.

ಅವನು ಹೇಳಬೇಕಾಗಿದ್ದದ್ದು ಇಷ್ಟೇ: ಕೆಲಸ ಅಲ್ಲಿಯದು, ನೌಕರಿ ಇಲ್ಲಿಯದು. ಆ ಬೆಂಗಳೂರಿನ ಕಂಪನಿಯೇ ಅವನ ಎಂಪ್ಲಾಯರ್ ಆಫ್ ರೆಕಾರ್ಡ್, ಚಿಕ್ಕದಾಗಿ ಇಒಆರ್. ಕನ್ನಡದಲ್ಲಿ ಕಾಗದದ ಮೇಲಿನ ಮಾಲೀಕ ಅನ್ನಬಹುದು. ಆದರೆ 'ಕಾಗದದ ಮೇಲೆ' ಅಂದ ಕೂಡಲೇ ಬೇನಾಮಿ ವ್ಯವಹಾರ ಅಂದುಕೊಳ್ಳಬೇಡಿ. ಕಾನೂನಿನ ಕಣ್ಣಿಗೆ ನಿಜವಾದ ಮಾಲೀಕ ಇವನೇ. ಇವತ್ತು ಏನು ಮಾಡಬೇಕು, ಯಾವಾಗ ಮುಗಿಸಬೇಕು ಅಂತ ಹೇಳುವುದು ಮಾತ್ರ ಡಚ್ ಕಂಪನಿ.

ಇಷ್ಟೆಲ್ಲ ಸುತ್ತು ಯಾಕೆ? ನಮ್ಮಲ್ಲಿ ಒಬ್ಬರನ್ನು ನೌಕರಿಗೆ ಇಟ್ಟುಕೊಂಡರೆ ಟಿಡಿಎಸ್ ಮುರಿದು ಕಟ್ಟಬೇಕು, ವೃತ್ತಿ ತೆರಿಗೆ ಕಟ್ಟಬೇಕು, ಅನ್ವಯಿಸುವ ಕಡೆ ಪಿಎಫ್, ಗ್ರಾಚುಟಿ, ಹೆರಿಗೆ ರಜೆಯ ಲೆಕ್ಕ ಎಲ್ಲ ನೋಡಿಕೊಳ್ಳಬೇಕು. ಅದಕ್ಕಾಗಿ ವಿದೇಶಿ ಕಂಪನಿ ಇಲ್ಲೊಂದು ಪ್ರೈವೇಟ್ ಲಿಮಿಟೆಡ್ ತೆರೆಯಬಹುದು. ಅದಕ್ಕೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕು, ಅವರಲ್ಲಿ ಒಬ್ಬರು ವರ್ಷಕ್ಕೆ 182 ದಿನವಾದರೂ ಭಾರತದಲ್ಲಿ ಇರಬೇಕು. ಪ್ರತಿ ವರ್ಷ ಆಡಿಟ್ ಬೇರೆ. ಹುಬ್ಬಳ್ಳಿಯ ಒಬ್ಬ ಹುಡುಗನಿಗೋಸ್ಕರ ಇಷ್ಟು ಮಾಡುವುದು ಅಂದರೆ ಒಬ್ಬನ ಊಟಕ್ಕೆ ಮದುವೆ ಛತ್ರ ಹಿಡಿದ ಹಾಗೆ.

ಕಾಂಟ್ರಾಕ್ಟರ್ ಅಂತ ಇಟ್ಟುಕೊಂಡು ತಿಂಗಳಿಗೊಂದು ಬಿಲ್ ತರಿಸಿಕೊಳ್ಳುವ ಸುಲಭದ ದಾರಿಯೂ ಇದೆ. ಆದರೆ ಅಲ್ಲಿ ಪಿಎಫ್ ಇಲ್ಲ, ಗ್ರಾಚುಟಿ ಇಲ್ಲ, ಸಂಬಳದ ರಜೆ ಇಲ್ಲ. ಬಿಲ್ ಕಾಂಟ್ರಾಕ್ಟರ್‌ನದು, ದುಡಿಮೆ ಪೂರಾ ನೌಕರನದು ಅಂತಾದರೆ ಕಂಪನಿಗೂ ಮುಂದೆ ಕಾನೂನಿನ ತಲೆನೋವು.

ಇಒಆರ್ ಇರುವುದು ಈ ಎರಡರ ನಡುವೆ. ಡಚ್ ಕಂಪನಿಗೆ ತಿಂಗಳಿಗೆ ಒಂದೇ ಬಿಲ್ ಹೋಗುತ್ತದೆ: ಸಂಬಳ, ಮಾಲೀಕನ ಪಾಲಿನ ಪಿಎಫ್, ಮೇಲೆ ಸೇವಾ ಶುಲ್ಕ. ಗೆಳೆಯನ ಸ್ಲಿಪ್ ಮಾತ್ರ ಅಪ್ಪಟ ದೇಸಿ. ಬೇಸಿಕ್, ಎಚ್‌ಆರ್‌ಎ, ಸ್ಪೆಷಲ್ ಅಲೋವನ್ಸ್. ಕಡಿತದ ಕಡೆ ಪಿಎಫ್ 1,800 ರೂಪಾಯಿ, ಅಂದರೆ 15,000 ರೂಪಾಯಿ ಮಿತಿಯ ಶೇ 12. ಅದರ ಕೆಳಗೆ ವೃತ್ತಿ ತೆರಿಗೆ 200 ರೂಪಾಯಿ. ಯೂರೋ ಅನ್ನುವ ಪದ ಎಲ್ಲೂ ಇಲ್ಲ.

ಮೂರು ಜನರ ಈ ಏರ್ಪಾಡು ನಮಗೆ ಹೊಸದೇನಲ್ಲ. ದುಡಿಯುವುದು ಒಂದು ಕಡೆ, ಸಂಬಳ ಕೊಡುವ ಏಜೆನ್ಸಿ ಇನ್ನೊಂದು ಕಡೆ ಅನ್ನುವುದು ಗುತ್ತಿಗೆ ನೌಕರರಿಗೆಲ್ಲ ಗೊತ್ತು. 1970ರಲ್ಲೇ ಅದಕ್ಕೊಂದು ಕಾಯ್ದೆ ಬಂದಿತ್ತು. ಆದರೆ ಅಲ್ಲಿ ಗುತ್ತಿಗೆ ಹಿಡಿಯುವುದು ಹೆಚ್ಚಾಗಿ ಖರ್ಚು ಉಳಿಸಲು. ಇಲ್ಲಿ ಉಲ್ಟಾ, ತಲೆಗೆ ತಿಂಗಳಿಗೆ ಇಷ್ಟು ಅಂತ ಜಾಸ್ತಿ ಕೊಟ್ಟು ತೊಡಕು ತಪ್ಪಿಸಿಕೊಳ್ಳುತ್ತಾರೆ. ಜರ್ಮನಿ ಮಾತ್ರ ಇಂಥದ್ದನ್ನು ಕೆಲಸಗಾರರನ್ನು ಬಾಡಿಗೆಗೆ ಕೊಡುವುದು ಅಂತಲೇ ನೋಡುತ್ತದೆ. ಅಲ್ಲಿ ಸಾಮಾನ್ಯವಾಗಿ 18 ತಿಂಗಳ ಮಿತಿ.

ಈ ವ್ಯಾಪಾರದ ದೊಡ್ಡ ಹೆಸರುಗಳಾದ ಡೀಲ್ ಮತ್ತು ರಿಮೋಟ್ ಎರಡೂ ಶುರುವಾಗಿದ್ದು 2019ರಲ್ಲಿ. ಮರುವರ್ಷವೇ ಕೋವಿಡ್ ಬಂತು. ಆಫೀಸಿಗೇ ಯಾರೂ ಬರುತ್ತಿಲ್ಲ ಅಂದಮೇಲೆ ನೌಕರ ಯಾವ ಊರಲ್ಲಿದ್ದರೇನು, ಅಲ್ವಾ? ಸ್ಯಾಲರಿ ಸ್ಲಿಪ್ ಮಾಡುವುದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ ಅಂದುಕೊಂಡಿದ್ದೆ. ಆದರೆ 2025ರ ಮಾರ್ಚ್‌ನಲ್ಲಿ ರಿಪ್ಲಿಂಗ್ ಅನ್ನುವ ಎದುರಾಳಿ ಕಂಪನಿ, ಡೀಲ್ ತನ್ನೊಳಗೆ ಗೂಢಚಾರನನ್ನು ಇಟ್ಟಿತ್ತು ಅಂತ ಕೋರ್ಟಿಗೆ ಹೋಯಿತು. ಡೀಲ್ ಆರೋಪವನ್ನು ಅಲ್ಲಗಳೆದಿದೆ.

ನನಗೆ ಇದರಲ್ಲಿ ಇಕ್ಕಟ್ಟು ಅನಿಸುವುದು ನೌಕರಿ ಹೋಗುವ ಹೊತ್ತು. ಬೇಡ ಅನ್ನುವವರು ಒಬ್ಬರು, ಪತ್ರ ಕೊಡುವವರು ಇನ್ನೊಬ್ಬರು. ಹಾಗಾಗಿ ಸಹಿ ಹಾಕುವ ಮೊದಲು ನೋಟಿಸ್ ಅವಧಿ ಎಷ್ಟು ಅಂತ ಇಒಆರ್ ಕೊಡುವ ಪತ್ರದಲ್ಲೇ ನೋಡಿ. ಡಚ್ ಮ್ಯಾನೇಜರ್ ವಿಡಿಯೊ ಕಾಲ್‌ನಲ್ಲಿ ಹೇಳಿದ್ದನ್ನು ಸುಮ್ನೆ ನಂಬಿಕೊಂಡು ಕೂರಬೇಡಿ. ಷೇರು ಕೊಡುತ್ತೇವೆ ಅಂದಿದ್ದರೆ ಅದು ಇಒಆರ್ ಲೆಕ್ಕದಲ್ಲಿ ಬರುವುದಿಲ್ಲ. ಆ ಕಾಗದ ಡಚ್ ಕಂಪನಿಯಿಂದಲೇ ಬೇರೆ ಬರಬೇಕು.

ಗೆಳೆಯ ಕೊನೆಗೆ ಹೊಸ ಅರ್ಜಿ ತುಂಬಿದ. ಉದ್ಯೋಗದಾತರ ಹೆಸರು ಅನ್ನುವ ಕಡೆ ಬೆಂಗಳೂರಿನ ಕಂಪನಿಯದನ್ನೇ ಬರೆದ, ಆರು ತಿಂಗಳ ಸ್ಲಿಪ್ ಲಗತ್ತಿಸಿದ. ಸಾಲ ಮಂಜೂರಾಯಿತು. ಬೆಳಗಿಂದ ರಾತ್ರಿವರೆಗೆ ಅವನು ಯಾರ ಕೆಲಸ ಮಾಡುತ್ತಾನೋ, ಅವರ ಹೆಸರು ಆ ಫೈಲಿನಲ್ಲಿ ಒಂದು ಕಡೆಯೂ ಇಲ್ಲ.