ಟಿಯರ್‌ಡ್ರಾಪ್ ಟ್ರೇಲರ್: ಕೊಳ್ಳುವುದೋ, ನಾವೇ ಕಟ್ಟುವುದೋ?

ಓದುಗರ ಪ್ರಶ್ನೆ: ಮರಗೆಲಸ ಒಂದಿಷ್ಟು ಬರುತ್ತದೆ. ಕಾರು ಚಿಕ್ಕದು. ಇಬ್ಬರು ಮಲಗುವಷ್ಟು ಪುಟ್ಟ ಟಿಯರ್‌ಡ್ರಾಪ್ ಕ್ಯಾಂಪಿಂಗ್ ಟ್ರೇಲರ್ ಬೇಕು ಅಂತ ತುಂಬಾ ದಿನದ ಆಸೆ. ರೆಡಿಮೇಡ್ ತಗೊಳ್ಳಲಾ, ನಾನೇ ಕಟ್ಟಲಾ? ಕಟ್ಟಿದರೆ ನಿಜವಾಗಿಯೂ ದುಡ್ಡು ಉಳಿಯುತ್ತದಾ?

ಉತ್ತರ: ಮುಂದಿನ ರಜೆಗೇ ಹೊರಡಬೇಕು ಅಂತಿದ್ದರೆ ಕೊಂಡುಬಿಡಿ. ಕಟ್ಟುವ ಕೆಲಸವೇ ನಿಮಗೆ ಖುಷಿ ಕೊಡುತ್ತದೆ ಅಂದರೆ ಧೈರ್ಯವಾಗಿ ಕಟ್ಟಿ, ಆದರೆ ನೆಲದ ಹಲಗೆಯಿಂದ ಮೇಲಿನದ್ದನ್ನು ಮಾತ್ರ. ಅದರ ಕೆಳಗಿರುವ ಚಾಸಿ ಅನ್ನುವ ಲೋಹದ ಚೌಕಟ್ಟು, ಆಕ್ಸಲ್, ಚಕ್ರ, ಕಾರಿಗೆ ಸಿಕ್ಕಿಸುವ ಕೊಂಡಿ ಇವುಗಳನ್ನು ತಯಾರಕರಿಂದಲೇ ತಗೊಳ್ಳಿ. ದುಡ್ಡು ಉಳಿಸುವುದೊಂದೇ ಗುರಿ ಅಂತಾದರೆ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಹುಡುಕುವುದು ಮೇಲು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಈ ಪುಟ್ಟ ಗಾಡಿ ಮೊದಲಿನಿಂದಲೂ ಕೈಯಾರೆ ಕಟ್ಟುವವರದ್ದೇ. 1930ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಯಿತು. 1940ರ ದಶಕದಲ್ಲಿ ಅಲ್ಲಿನ ಹವ್ಯಾಸಿ ಪತ್ರಿಕೆಗಳು ಇದರ ನಕ್ಷೆಗಳನ್ನೇ ಅಚ್ಚು ಹಾಕುತ್ತಿದ್ದವು. ಅಳತೆಯೂ ಮರದಂಗಡಿಯಿಂದಲೇ ಬಂದದ್ದು. ಪ್ಲೈವುಡ್ ಹಾಳೆ 4 ಅಡಿ ಅಗಲ, 8 ಅಡಿ ಉದ್ದ. ಹಾಗಾಗಿ ಹಳೆಯ ಮಾದರಿಯ ಟ್ರೇಲರ್ ಕೂಡ 4 ಅಡಿ ಅಗಲ, 8 ಅಡಿ ಉದ್ದ, 4 ಅಡಿ ಎತ್ತರ. ಒಳಗೆ ಹಾಸಿಗೆ, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಕಟ್ಟೆ. ನಿಂತುಕೊಳ್ಳಲು ಜಾಗವಿಲ್ಲ. ಮುಂದೆ ದುಂಡಗೆ, ಹಿಂದಕ್ಕೆ ಇಳಿಜಾರಾಗಿರುವ ಆಕಾರ ಗಾಳಿಯನ್ನು ಸಲೀಸಾಗಿ ಸೀಳಿಕೊಂಡು ಹೋಗುತ್ತದೆ. ಚಿಕ್ಕ ಕಾರಿನವರೂ ಇದರ ಆಸೆ ಪಡಬಹುದು ಅನ್ನುವುದಕ್ಕೆ ಆ ಆಕಾರವೂ ಒಂದು ಕಾರಣ, ಕಡಿಮೆ ತೂಕ ಇನ್ನೊಂದು.

ಈಗ ದುಡ್ಡಿನ ಮಾತು. ಬರೀ ಸಾಮಾನಿನ ಲೆಕ್ಕ ಹಾಕಿದರೆ ಕಟ್ಟುವುದೇ ಅಗ್ಗ ಅಂತ ಕಾಣುತ್ತದೆ. ಆದರೆ ಜನ ಲೆಕ್ಕ ಹಾಕುವುದು ಪ್ಲೈವುಡ್, ಚಾಸಿ, ಹಾಸಿಗೆ ಇಷ್ಟಕ್ಕೆ. ಬಾಗಿಲಿನ ರಬ್ಬರ್, ಕಿಟಕಿ, ಹಿಂಜ್, ಮುಚ್ಚಳ ಎತ್ತುವ ಗ್ಯಾಸ್ ಸ್ಟ್ರಟ್, ಮೇಲಿನ ಫ್ಯಾನ್, ವೈರಿಂಗ್, ಬ್ಯಾಟರಿ, ಅಂಚಿನ ಪಟ್ಟಿ, ಸೀಲೆಂಟ್, ತುಕ್ಕು ಹಿಡಿಯದ ಸ್ಕ್ರೂಗಳು, ಇವೆಲ್ಲ ಸೇರಿದಾಗ ಕೈ ಕಚ್ಚುತ್ತದೆ. ಇಲ್ಲದ ಉಪಕರಣಗಳನ್ನೂ ಕೊಳ್ಳಬೇಕು. ಒಂದೆರಡು ಹಾಳೆ ಕೊಯ್ಯುವಾಗ ಕೆಡುವುದೂ ಉಂಟು. ಮಾರುವಾಗಲಂತೂ ಮನೆಯಲ್ಲಿ ಕಟ್ಟಿದ ಟ್ರೇಲರಿಗೆ ಕಂಪನಿಯದ್ದಕ್ಕಿಂತ ಕಡಿಮೆ ಬೆಲೆಯೇ ಸಿಗುತ್ತದೆ. ಒಳಗೆ ಏನು ಹಾಕಿದ್ದೀರಿ ಅಂತ ಕೊಳ್ಳುವವರಿಗೆ ಕಾಣುವುದಿಲ್ಲ ಅಲ್ವಾ? ಕೆಲಸ ಬಲ್ಲವರಿಗೆ ಉಳಿತಾಯ ಖಂಡಿತ ಇದೆ. ಮೊದಲ ಸಲ ಕಟ್ಟುವವರು ಅದನ್ನು ನಂಬಿಕೊಂಡು ಇಳಿಯಬೇಡಿ.

ಸಮಯದ ಮಾತು ಇನ್ನೂ ಮುಖ್ಯ. ಕೆಲವು ನೂರು ಗಂಟೆಗಳ ಕೆಲಸ ಇದು. ಬರೀ ವಾರದ ಕೊನೆಯಲ್ಲಿ ಕೂತರೆ ಒಂದು ವರ್ಷ ಸಲೀಸಾಗಿ ಹೋಗುತ್ತದೆ. ಪೆಟ್ಟಿಗೆಯ ಆಕಾರ ಬೇಗ ಎದ್ದು ನಿಲ್ಲುತ್ತದೆ, ನೋಡಿದವರೆಲ್ಲ ಇನ್ನೇನು ಮುಗೀತು ಅನ್ನುತ್ತಾರೆ. ಆದರೆ ಬಾಗಿಲು, ಮುಚ್ಚಳ, ಅಂಚು, ಬಣ್ಣ ಇವು ಅದಕ್ಕಿಂತ ಜಾಸ್ತಿ ದಿನ ತಿನ್ನುತ್ತವೆ. ಬಣ್ಣ, ಅಂಟು ಒಣಗಲು ಒಣ ಹವೆ ಬೇಕು. ಗಾಡಿಯನ್ನು ಅಷ್ಟು ತಿಂಗಳು ಮಳೆಬಿಸಿಲಿಗೆ ಬೀಳದಂತೆ ಇಡಲು ಸೂರು ಬೇಕು. ಆ ಸೂರು ಇಲ್ಲದವರು ಕಟ್ಟುವ ಯೋಚನೆಯನ್ನು ಸದ್ಯಕ್ಕೆ ಬಿಡುವುದೇ ವಾಸಿ.

ಕಾರು ಚಿಕ್ಕದು ಅಂದಿರಲ್ಲ, ಹಾಗಾದರೆ ತೂಕವನ್ನು ಮೊದಲೇ ನೋಡಿ. ಕಾರಿನ ಕೈಪಿಡಿಯಲ್ಲಿ ಎರಡು ಅಂಕಿ ಇರುತ್ತವೆ: ಒಟ್ಟು ಎಷ್ಟು ಎಳೆಯಬಹುದು, ಕೊಂಡಿಯ ಮೇಲೆ ಎಷ್ಟು ಭಾರ ಬೀಳಬಹುದು. ಎರಡನ್ನೂ ಬರೆದಿಟ್ಟುಕೊಳ್ಳಿ. ಕೆಲವು ಚಿಕ್ಕ ಕಾರುಗಳಿಗೆ ಎಳೆಯುವ ಅನುಮತಿಯೇ ಇರುವುದಿಲ್ಲ. ಹಾಗಿದ್ದರೆ ಈ ಪ್ರಶ್ನೆ ಅಲ್ಲಿಗೇ ಮುಗಿಯಿತು. ಎಷ್ಟೋ ದೇಶಗಳಲ್ಲಿ 750 ಕೆಜಿ ದಾಟಿದ ಟ್ರೇಲರಿಗೆ ಅದರದ್ದೇ ಬ್ರೇಕ್ ಬೇಕು, ಆ ಗೆರೆಯನ್ನೂ ಗಮನದಲ್ಲಿಡಿ. ಮನೆಯಲ್ಲಿ ಕಟ್ಟುವವರು ಸಾಮಾನ್ಯವಾಗಿ ಗಟ್ಟಿ ಇರಲಿ ಅಂತ ಎಲ್ಲೆಡೆ ದಪ್ಪ ಹಲಗೆ ಹಾಕುತ್ತಾರೆ. 18 ಮಿಮೀ ಬರ್ಚ್ ಪ್ಲೈವುಡ್‌ನ ಒಂದೇ ಹಾಳೆ 35 ಕೆಜಿ ಹತ್ತಿರ ತೂಗುತ್ತದೆ. ಗೋಡೆ, ನೆಲ, ಕಪಾಟು ಎಲ್ಲಕ್ಕೂ ಅದನ್ನೇ ಬಳಸಿದರೆ ಹಗುರವಾಗಬೇಕಿದ್ದ ಗಾಡಿ ಭಾರವಾಗಿ ಕೂರುತ್ತದೆ.

ಒಟ್ಟು ತೂಕದಷ್ಟೇ ಮುಖ್ಯ, ಆ ತೂಕ ಎಲ್ಲಿ ಕೂತಿದೆ ಅನ್ನುವುದು. ಟ್ರೇಲರಿನ ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು ಅನ್ನುವುದು ಹೆಚ್ಚಿನವರು ಪಾಲಿಸುವ ಅಳತೆ. ನಿಮ್ಮ ಕಾರಿನ ಕೈಪಿಡಿ ಅದಕ್ಕಿಂತ ಕಡಿಮೆ ಮಿತಿ ಹಾಕಿದ್ದರೆ ಆ ಮಿತಿಯನ್ನು ದಾಟಬೇಡಿ. ಭಾರ ಹಿಂದಕ್ಕೆ ವಾಲಿದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ಓಲಾಡಲು ಶುರುಮಾಡುತ್ತದೆ, ಕಾರಿನ ಹಿಂಭಾಗವನ್ನೂ ಜೊತೆಗೆ ಎಳೆದಾಡುತ್ತದೆ. ಒಂದು ಲೆಕ್ಕ ನೋಡಿ. ಟ್ರೇಲರ್ 500 ಕೆಜಿ, ಕೊಂಡಿಯಿಂದ ಆಕ್ಸಲ್‌ಗೆ 3 ಮೀಟರ್ ಅಂತಿಟ್ಟುಕೊಳ್ಳೋಣ. ಕೊಂಡಿಯ ಮೇಲೆ 60 ಕೆಜಿ ಬರಬೇಕಾದರೆ ಭಾರದ ಕೇಂದ್ರ ಆಕ್ಸಲ್‌ಗಿಂತ 36 ಸೆಂ.ಮೀ. ಮುಂದಿರಬೇಕು. ಈಗ ಆಕ್ಸಲ್‌ನಿಂದ 1 ಮೀಟರ್ ಹಿಂದೆ, ಅಡುಗೆಕಟ್ಟೆಯ ಕೆಳಗೆ, 40 ಲೀಟರ್ ನೀರಿನ ತೊಟ್ಟಿ ಇಟ್ಟಿರಿ ಅನ್ನಿ. ಕೊಂಡಿಯಿಂದ ಸುಮಾರು 13 ಕೆಜಿ ಎದ್ದುಹೋಯಿತು, ಉಳಿದದ್ದು 47. ಒಟ್ಟು ತೂಕ ಮಾತ್ರ 540ಕ್ಕೆ ಏರಿದೆ. ಅಂದರೆ ಶೇ. 10ಕ್ಕಿಂತ ಕೆಳಗೆ ಜಾರಿದಿರಿ. ಅದೇ ತೊಟ್ಟಿಯನ್ನು ಆಕ್ಸಲ್‌ನ ನೇರಕ್ಕೆ ಇಟ್ಟಿದ್ದರೆ ತುಂಬಿದ್ದರೂ ಖಾಲಿಯಾದರೂ ಕೊಂಡಿಯ ಭಾರ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ಕಾರ್ಖಾನೆಯವರು ಈ ಲೆಕ್ಕವನ್ನು ನಿಮ್ಮ ಪರವಾಗಿ ಮಾಡಿರುತ್ತಾರೆ. ಕಟ್ಟುವುದಾದರೆ ಒಂದೊಂದು ಸಾಮಾನಿನ ತೂಕ, ಅದು ಕೂರುವ ಜಾಗ ಎರಡನ್ನೂ ಕಾಗದದ ಮೇಲೆ ಬರೆದು, ಆಮೇಲೆಯೇ ಪೆಟ್ಟಿಗೆಯನ್ನು ಚಾಸಿಯ ಮೇಲೆ ಎಲ್ಲಿ ಕೂರಿಸಬೇಕು ಅಂತ ತೀರ್ಮಾನಿಸಿ. ಮುಗಿದ ಮೇಲೆ ಕೊಂಡಿಯ ತುದಿಯನ್ನು ಮರದ ದಿಮ್ಮಿಯ ಮೂಲಕ ಮೈತೂಕ ನೋಡುವ ಯಂತ್ರದ ಮೇಲೆ ಇಟ್ಟು ಅಳೆಯಬಹುದು. ಯಂತ್ರದ ಮಿತಿ ಎಷ್ಟು ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಚಾಸಿ ಕೊಳ್ಳಿ ಅನ್ನುವುದು ಇದಕ್ಕೇ. ಹಲಗೆಯ ಕೆಲಸ ತಪ್ಪಿದರೆ ತಿದ್ದಬಹುದು. ಹೆದ್ದಾರಿಯಲ್ಲಿ ವೆಲ್ಡಿಂಗ್ ಬಿಟ್ಟರೆ ಹಿಂದೆ ಬರುವವರ ಜೀವಕ್ಕೇ ಕುತ್ತು. ವೆಲ್ಡಿಂಗ್ ನಿಮ್ಮ ಕಸುಬೇ ಆಗಿದ್ದರೆ ಬೇರೆ ಮಾತು.

ಕಟ್ಟಿದವರು ಸೋಲುವುದು ಹೆಚ್ಚಾಗಿ ನೀರಿನ ಎದುರು. ಅದರಲ್ಲೂ ಹಿಂದಿನ ಮುಚ್ಚಳದಲ್ಲಿ. ಮಳೆ ಬಿದ್ದಾಗ ಇಡೀ ಚಾವಣಿಯ ನೀರು ಆ ಇಳಿಜಾರಲ್ಲಿ ಹರಿದು ಮುಚ್ಚಳದ ಹಿಂಜ್ ಇರುವ ಗೆರೆಗೆ ಬರುತ್ತದೆ. ಅಲ್ಲಿ ಸಾಧಾರಣ ಹಿಂಜ್ ಹಾಕಿದ್ದರೆ ಸಂದಿಯಲ್ಲಿ ಇಳಿಯುತ್ತದೆ. ಅದಕ್ಕಾಗಿಯೇ ಒಂದರೊಳಗೊಂದು ಕೊಕ್ಕೆ ಹಾಕಿಕೊಂಡು ಉದ್ದಕ್ಕೂ ಸಾಗುವ ಅಲ್ಯೂಮಿನಿಯಂ ಹಿಂಜ್ ಸಿಗುತ್ತದೆ, ಹರಿಕೇನ್ ಹಿಂಜ್ ಅನ್ನುತ್ತಾರೆ. ಅದಕ್ಕೆ ದುಡ್ಡು ಹಾಕಲು ಹಿಂದೆಮುಂದೆ ನೋಡಬೇಡಿ. ಇನ್ನೊಂದು ತೊಡಕು, ಮುಚ್ಚಳದ ಬಾಗು. ಮರದ ಪಕ್ಕೆಲುಬುಗಳ ಮೇಲೆ ತೆಳು ಪ್ಲೈವುಡ್ ಬಗ್ಗಿಸಿ ಅಂಟಿಸಿದಾಗ ಅದು ಮತ್ತೆ ನೆಟ್ಟಗಾಗಲು ನೋಡುತ್ತದೆ. ಬಿಗಿ ಹಿಡಿದ ಕ್ಲಾಂಪ್ ತೆಗೆದ ಮೇಲೆ ಮುಚ್ಚಳ ಒಂದಿಷ್ಟು ಬಿಚ್ಚಿಕೊಳ್ಳುತ್ತದೆ. ಕೆಳ ಅಂಚು ಗೋಡೆಗೆ ಕೂರದೆ ಬೆರಳು ತೂರುವಷ್ಟು ಸಂದಿ ಉಳಿಯುತ್ತದೆ. ಹಾಗಾಗಿ ಮುಚ್ಚಳವನ್ನು ಬೇರೆ ಕಡೆ ಕಟ್ಟಿ ತಂದು ಕೂರಿಸಬೇಡಿ. ಗಾಡಿಯ ಮೇಲೆಯೇ, ಅದರ ಜಾಗದಲ್ಲಿಯೇ ಕಟ್ಟಿ, ಒಳಗಿನ ಹಾಳೆಯನ್ನೂ ಹೊರಗಿನ ಹಾಳೆಯನ್ನೂ ಅಂಟಿಸಿ ಪೂರ್ತಿ ಒಣಗುವವರೆಗೆ ಅಲ್ಲಾಡಿಸಬೇಡಿ. ಎರಡೂ ಹಾಳೆ ಅಂಟಿದ ಮೇಲೆ ಬಾಗು ನಿಲ್ಲುತ್ತದೆ.

ಅಂಚುಗಳ ಕಥೆಯೂ ಇದೇ. ಪ್ಲೈವುಡ್ ನೀರು ಕುಡಿಯುವುದು ಮುಖದಿಂದಲ್ಲ, ಕೊಯ್ದ ಅಂಚಿನಿಂದ. ಪ್ರತಿ ಕೊಯ್ತಕ್ಕೂ, ಪ್ರತಿ ಸ್ಕ್ರೂ ತೂತಿಗೂ ಎಪಾಕ್ಸಿ ಅನ್ನುವ ಗಟ್ಟಿಯಾಗುವ ರಾಳದ ಅಂಟನ್ನು ಕುಡಿಸಿ. ನೆಲದ ಹಲಗೆಯ ಕೆಳಮೈಗೂ ಬಳಿಯಿರಿ, ರಸ್ತೆಯ ನೀರು ಎರಚುವುದು ಅಲ್ಲಿಗೇ. ಹೊರಗೆ ಅಲ್ಯೂಮಿನಿಯಂ ಹೊದಿಸುವುದಾದರೆ ಇನ್ನೊಂದು ಎಚ್ಚರ: 3 ಮೀಟರ್ ಉದ್ದದ ಹಾಳೆ 30 ಡಿಗ್ರಿ ಬಿಸಿಯೇರಿದರೆ ಸುಮಾರು 2 ಮಿಮೀ ಬೆಳೆಯುತ್ತದೆ, ಕೆಳಗಿನ ಮರ ಅಷ್ಟು ಬೆಳೆಯುವುದಿಲ್ಲ. ಗಟ್ಟಿಯಾಗಿ ಒಣಗುವ ಅಂಟಿನಿಂದ ಪೂರ್ತಿ ಅಂಟಿಸಿದರೆ ಹಾಳೆ ಅಲೆ ಅಲೆಯಾಗಿ ಉಬ್ಬುತ್ತದೆ. ಹಾಳೆಯನ್ನು ಸುಮ್ನೆ ಹೊದಿಸಿ ಅಂಚಿನ ಪಟ್ಟಿಯಿಂದ ಹಿಡಿಸುವುದು ಹಳೆಯ, ಒಳ್ಳೆಯ ವಿಧಾನ. ಆ ಪಟ್ಟಿಯ ಕೆಳಗೆ ಸಿಲಿಕೋನ್ ಬೇಡ, ಬ್ಯುಟೈಲ್ ಟೇಪ್ ಅನ್ನುವ ಅಂಟು ರಬ್ಬರಿನ ಪಟ್ಟಿ ಹಾಕಿ. ಅದು ವರ್ಷಗಟ್ಟಲೆ ಮೆತ್ತಗೇ ಇರುತ್ತದೆ. ಸಿಲಿಕೋನ್ ಒಂದು ಕಡೆ ಬಿಟ್ಟುಕೊಂಡರೆ ಅದರ ಮೇಲೆ ಮತ್ತೆ ಏನೂ ಸರಿಯಾಗಿ ಹಿಡಿಯುವುದಿಲ್ಲ.

ಒಳಗಿನಿಂದಲೂ ನೀರು ಬರುತ್ತದೆ. ಇಬ್ಬರು ರಾತ್ರಿಯಿಡೀ ಮಲಗಿದರೆ ಉಸಿರು, ಬೆವರು ಸೇರಿ ಅರ್ಧ ಲೀಟರಿಗೂ ಜಾಸ್ತಿ ತೇವ ಗಾಳಿಗೆ ಸೇರುತ್ತದೆ. ಹಾಗಾಗಿ ಚಾವಣಿಯ ಫ್ಯಾನ್ ಮತ್ತು ಒಂದಿಷ್ಟು ತೆರೆದ ಕಿಟಕಿ ಇರಲೇಬೇಕು. ಹಾಸಿಗೆಯ ಕಡೆ ಗ್ಯಾಸ್ ಒಲೆ ಯಾವತ್ತೂ ಹಚ್ಚಬೇಡಿ.

ಈ ತೊಡಕುಗಳೆಲ್ಲ ಬೇಡ ಅನ್ನಿಸಿದರೆ ಕೊಳ್ಳಿ, ಅದರಲ್ಲಿ ಸಣ್ಣತನವೇನೂ ಇಲ್ಲ. ಹೊಸದಾದರೆ ವಾರಂಟಿ ಇರುತ್ತದೆ, ಕಾಗದಪತ್ರ ಸಲೀಸು, ವಿಮೆ ಸುಲಭ. ಸೆಕೆಂಡ್‌ಹ್ಯಾಂಡ್ ನೋಡಲು ಹೋದರೆ ಮಳೆ ನಿಂತ ಮರುದಿನ ಹೋಗಿ. ಗಾಡಿಯ ಬಾಗಿಲನ್ನು ಮೊದಲೇ ತೆರೆದಿಡಬೇಡಿ ಅಂತ ಮಾಲೀಕರಿಗೆ ಹೇಳಿ. ತೆರೆದ ಕೂಡಲೇ ಬರುವ ವಾಸನೆಯೇ ಅರ್ಧ ಕಥೆ ಹೇಳುತ್ತದೆ. ಹಾಸಿಗೆ ಎತ್ತಿ ನೆಲದ ಮೂಲೆಗಳನ್ನು, ಮುಚ್ಚಳದ ಕೆಳಗಿನ ಎರಡು ಮೂಲೆಗಳನ್ನು, ಫ್ಯಾನಿನ ಸುತ್ತಲ ಚಾವಣಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ, ಕಂದು ಕಲೆ ಹೊಸ ಬಣ್ಣದ ಕೆಳಗಿಂದ ಇಣುಕಿದರೆ, ಬೆಲೆ ಎಷ್ಟೇ ಇಳಿಸಿದರೂ ಬೇಡ. ಟೈರಿನ ಮೇಲೆ ನಾಲ್ಕು ಅಂಕಿಯ ಗುರುತಿರುತ್ತದೆ, ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ಟ್ರೇಲರಿನ ಟೈರು ಸವೆಯುವ ಮೊದಲೇ ವಯಸ್ಸಾಗಿ ಬಿರಿಯುತ್ತದೆ. ಆರು ವರ್ಷ ದಾಟಿದ್ದರೆ ಹೊಸ ಟೈರಿನ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳಿ.

ಎರಡರ ನಡುವಿನ ದಾರಿಯೂ ಇದೆ. ಕೊಯ್ದ ಹಲಗೆಗಳ ಕಿಟ್ ಸಿಗುತ್ತದೆ, ಹೊರಕವಚ ಮಾತ್ರ ಮುಗಿಸಿ ಮಾರುವವರೂ ಇದ್ದಾರೆ. ಕಷ್ಟದ ಮುಚ್ಚಳ, ಬಾಗಿಲು ಅವರ ಪಾಲಿಗೆ, ಕಪಾಟು, ಅಡುಗೆಕಟ್ಟೆ, ದೀಪ ನಿಮ್ಮ ಪಾಲಿಗೆ. ಮರಗೆಲಸ ಒಂದಿಷ್ಟು ಬರುತ್ತದೆ ಅಂದಿರಲ್ಲ, ನಿಮಗೆ ನಾನು ಹೇಳುವುದು ಇದನ್ನೇ. ಕೆಲಸದ ಖುಷಿಯೂ ಸಿಗುತ್ತದೆ, ಮಳೆಯಲ್ಲಿ ನಿದ್ದೆಯೂ ಬರುತ್ತದೆ.

ಯಾವುದಕ್ಕೂ ದುಡ್ಡು ಕೊಡುವ ಮೊದಲು ಬಾಡಿಗೆಗೆ ಒಂದನ್ನು ತಂದು ಎರಡು ರಾತ್ರಿ ಮಲಗಿ. ಸಿಗದಿದ್ದರೆ ಮನೆಯ ನೆಲದ ಮೇಲೆ ಟೇಪ್ ಅಂಟಿಸಿ 4 ಅಡಿಗೆ 8 ಅಡಿ ಗುರುತು ಮಾಡಿ, ಗೋಡೆಯ ದಪ್ಪ ಕಳೆದು ಇಬ್ಬರೂ ಮಲಗಿ ನೋಡಿ. ಮಗ್ಗುಲು ಬದಲಿಸಲು ಇಕ್ಕಟ್ಟಾದರೆ 5 ಅಡಿ ಅಗಲದ್ದು ಬೇಕು. ಆಗ ತೂಕ ಏರುತ್ತದೆ, ನಿಮ್ಮ ಕಾರಿನ ಅಂಕಿಯನ್ನು ಮತ್ತೊಮ್ಮೆ ತೆಗೆದು ನೋಡಬೇಕಾಗುತ್ತದೆ.

ಕೊನೆಯದಾಗಿ ಕಾಗದಪತ್ರ. ಕಟ್ಟುವುದಾದರೆ ಮೊದಲ ಹಲಗೆ ಕೊಯ್ಯುವ ಮುಂಚೆಯೇ ನಿಮ್ಮಲ್ಲಿನ ನೋಂದಣಿ ಕಚೇರಿಗೆ ಹೋಗಿ, ಸ್ವಂತವಾಗಿ ಕಟ್ಟಿದ ಟ್ರೇಲರಿಗೆ ಒಪ್ಪಿಗೆ ಕೊಡುತ್ತಾರಾ, ಅಗಲ, ದೀಪ, ಬ್ರೇಕ್‌ಗೆ ಏನು ನಿಯಮ ಅಂತ ಬರಹದಲ್ಲೇ ಪಡೆಯಿರಿ. ವಿಮೆಯವರನ್ನೂ ಆಗಲೇ ಕೇಳಿ. ಚಾಸಿಯ ಸಂಖ್ಯೆ ಇರುವ ಜಾಗ, ಆಕ್ಸಲ್‌ನ ತೂಕದ ಮಿತಿ ಬರೆದ ಪಟ್ಟಿ, ವೈರಿಂಗ್ ಹೋಗುವ ದಾರಿ, ಇವುಗಳ ಫೋಟೋವನ್ನು ನೆಲದ ಹಲಗೆ ಮುಚ್ಚುವ ಮೊದಲೇ ತೆಗೆದು, ಎಲ್ಲ ಬಿಲ್ಲುಗಳ ಜೊತೆ ಒಂದೇ ಕಡೆ ಇಡಿ. ತಪಾಸಣೆಗೆ ಬಂದವರು ಕೇಳುವುದೂ ಅದನ್ನೇ, ಮುಂದೊಂದು ದಿನ ಮಾರುವಾಗ ಕೊಳ್ಳುವವರು ಕೇಳುವುದೂ ಅದನ್ನೇ.