ಪಟ್ಟಿ ಓದಿದರೆ ಇಂಗ್ಲಿಷ್ ಪದ ಯಾಕೆ ನಿಲ್ಲುವುದಿಲ್ಲ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬೆಳಿಗ್ಗೆ ಶಿವಮೊಗ್ಗಕ್ಕೆ ಬರುವ ಬಸ್ಸುಗಳಲ್ಲಿ ಕಾಲೇಜು ಮಕ್ಕಳ ಕೈಯಲ್ಲಿ ಇಂಥದೊಂದು ನೋಟ್‌ಬುಕ್ ಕಾಣುತ್ತದೆ. ಪುಟದ ನಡುವೆ ಗೆರೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿ, ಪಿಯುಸಿಗೆ ಸೈನ್ಸ್ ತಗೊಂಡವರ ಪಾಡು ಇದು. ಬಸ್‌ಸ್ಟ್ಯಾಂಡ್ ಬರುವಷ್ಟರಲ್ಲಿ ಪಟ್ಟಿಯನ್ನು ಮೂರ್ನಾಲ್ಕು ಸಲ ಓದಿ ಆಗಿರುತ್ತದೆ. ಎಲ್ಲಾ ಬಂತು ಅನ್ನಿಸುತ್ತದೆ. ವಾರ ಬಿಟ್ಟು ಕೇಳಿದರೆ ಅರ್ಧಕ್ಕರ್ಧ ಹಾರಿಹೋಗಿರುತ್ತದೆ. ಆಗ ‘ನನ್ನ ತಲೆಗೆ ಇಂಗ್ಲಿಷ್ ಹತ್ತಲ್ಲ’ ಅಂತ ಬೇಜಾರು. ತಲೆ ಸರಿಯಾಗೇ ಇದೆ. ತೊಂದರೆ ಇರುವುದು ಓದುವ ರೀತಿಯಲ್ಲಿ.

ಮರೆವು ಎಲ್ಲರಿಗೂ ಇರುವಂಥದ್ದೇ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವೇ ಇಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಅವು ಎಷ್ಟು ಬೇಗ ಮರೆತುಹೋಗುತ್ತವೆ ಎಂದು ಅಳೆದರು. 1885ರಲ್ಲಿ ಅದನ್ನು ಪ್ರಕಟಿಸಿದರು. ಮರೆವಿನ ದೊಡ್ಡ ಪಾಲು ಮೊದಲ ದಿನವೇ, ಅದರಲ್ಲೂ ಮೊದಲ ಒಂದು ಗಂಟೆಯಲ್ಲೇ ಮುಗಿದುಹೋಗುತ್ತದೆ. ಆಮೇಲೆ ಅದರ ವೇಗ ಕಡಿಮೆ.

ಹಾಗಾದರೆ ಜಾಸ್ತಿ ಸಲ ಓದಿದರೆ ಸಾಕಲ್ವಾ? ಇಲ್ಲೇ ಇರುವುದು ಸ್ವಾರಸ್ಯ. ಅಮೆರಿಕದ ಮನೋವಿಜ್ಞಾನಿಗಳಾದ ಜೆಫ್ರಿ ಕಾರ್ಪಿಕ್ ಮತ್ತು ಹೆನ್ರಿ ರೋಡಿಗರ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ 40 ಪದಗಳನ್ನು ಇಂಗ್ಲಿಷ್ ಅರ್ಥದ ಜೊತೆ ಕಲಿಸಿದರು. ‘ಮಶುವಾ’ ಅಂದರೆ ದೋಣಿ, ಹೀಗೆ. ಒಂದು ಪದದ ಅರ್ಥವನ್ನು ಒಮ್ಮೆ ಸರಿಯಾಗಿ ಹೇಳಿದ ಮೇಲೆ, ಕೆಲವರಿಗೆ ಆ ಪದವನ್ನು ಮತ್ತೆ ಮತ್ತೆ ಓದಲು ಮಾತ್ರ ಕೊಟ್ಟರು. ಇನ್ನು ಕೆಲವರಿಗೆ ಓದಲು ಕೊಡಲೇ ಇಲ್ಲ, ಅರ್ಥ ಏನು ಎಂದು ಕೇಳುತ್ತಲೇ ಹೋದರು. ವಾರದ ನಂತರ, ಮತ್ತೆ ಮತ್ತೆ ಪ್ರಶ್ನೆ ಎದುರಿಸಿದವರಿಗೆ ಸುಮಾರು 80% ಪದ ನೆನಪಿತ್ತು. ಸುಮ್ನೆ ಓದಿದವರಿಗೆ ಸುಮಾರು 35%. ನಿಮಗೆ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದ್ದಾಗ ಎಲ್ಲಾ ಗುಂಪಿನವರೂ ಹೆಚ್ಚುಕಡಿಮೆ ಅರ್ಧ ಅಂದಿದ್ದರು! ಕಲಿಯುವವರಿಗೇ ತಮ್ಮ ಕಲಿಕೆಯ ಅಂದಾಜು ಸಿಗುವುದಿಲ್ಲ.

ಕಣ್ಣೆದುರು ಅರ್ಥ ಇದ್ದಾಗ ಪದ ಪರಿಚಿತ ಅನ್ನಿಸುತ್ತದೆ. ಆ ಪರಿಚಯವನ್ನೇ ನಾವು ನೆನಪು ಅಂದುಕೊಳ್ಳುತ್ತೇವೆ. ಅರ್ಥ ಮುಚ್ಚಿ ‘ಏನದು, ಏನದು’ ಎಂದು ತಡಕಾಡುವಾಗ ಮಾತ್ರ ಮಿದುಳು ಅದನ್ನು ಹುಡುಕಿ ಹೊರತೆಗೆಯಬೇಕಾಗುತ್ತದೆ. ಹಾಗೆ ತೆಗೆದಷ್ಟೂ ಮುಂದಿನ ಸಲ ಅದು ಸಲೀಸಾಗಿ ಸಿಗುತ್ತದೆ. ಸ್ವಲ್ಪ ಮರೆವು ಕವಿಯುವ ಹೊತ್ತಿಗೆ ಹುಡುಕಿದರೆ ಇನ್ನೂ ಒಳ್ಳೆಯದು. ಅದಕ್ಕೇ ಇವತ್ತು ಕಲಿತದ್ದನ್ನು ನಾಳೆ, ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು ಕೇಳಿಕೊಳ್ಳಬೇಕು.

ಇದಕ್ಕೆ ಮೊಬೈಲ್ ಆ್ಯಪ್‌ಗಳಿವೆ. ನನ್ನ ಮಟ್ಟಿಗೆ ಹಳೇ ಮದುವೆ ಕಾಗದಗಳೇ ಚೆನ್ನ. ನಮ್ಮ ಕಡೆ ಯಾವ ಮನೆಯಲ್ಲೂ ಅದಕ್ಕೆ ಬರವಿಲ್ಲ. ಅಚ್ಚಾಗದ ಭಾಗವನ್ನು ಕತ್ತರಿಸಿ, ಒಂದು ಮಗ್ಗುಲಲ್ಲಿ ಪದ, ಇನ್ನೊಂದು ಮಗ್ಗುಲಲ್ಲಿ ಅರ್ಥ ಮತ್ತು ಒಂದು ವಾಕ್ಯ ಬರೆಯಿರಿ. ಮನೆಮಂದಿ ಖಾಲಿ ಮಾಡಿದ ಸ್ವೀಟ್ ಡಬ್ಬದಲ್ಲಿ ಮೂರು ಖಾನೆ ಮಾಡಿ. ಸರಿ ಹೇಳಿದ ಕಾರ್ಡು ಮುಂದಿನ ಖಾನೆಗೆ, ತಪ್ಪಿದ್ದು ಮೊದಲನೆಯದಕ್ಕೆ ವಾಪಸ್. ಎರಡನೇ, ಮೂರನೇ ಖಾನೆಗಳನ್ನು ಅಪರೂಪಕ್ಕೆ ತೆರೆದರೆ ಸಾಕು. 1972ರಲ್ಲಿ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯಗೊಳಿಸಿದ ಉಪಾಯ ಇದು.

ವಾಕ್ಯ ಯಾಕೆ ಬೇಕು? ‘ರಿಲಕ್ಟೆಂಟ್’ ಪದವನ್ನೇ ತಗೊಳ್ಳಿ. ನಿಘಂಟು ‘ಮನಸ್ಸಿಲ್ಲದ’ ಅನ್ನುತ್ತದೆ. ಅಷ್ಟನ್ನೇ ನಂಬಿದರೆ ‘ರಿಲಕ್ಟೆಂಟ್ ಫಾರ್ ಗೋಯಿಂಗ್’ ಎಂದು ಬರೆದುಬಿಡುತ್ತೇವೆ. ‘ದಿ ಕೌ ವಾಸ್ ರಿಲಕ್ಟೆಂಟ್ ಟು ಕ್ರಾಸ್ ದಿ ಸ್ಟ್ರೀಮ್’ ಎಂದು ಕಲಿತರೆ ಅದರ ಬೆನ್ನಿಗೆ ‘ಟು’ ಬರುತ್ತದೆ ಅನ್ನುವುದೂ ತಲೆಗೆ ಹೋಗುತ್ತದೆ. ಮಳೆಗಾಲದಲ್ಲಿ ಹಳ್ಳದ ದಂಡೆಗೆ ಬಂದು ಕಾಲು ಊರಿ ನಿಂತುಬಿಡುವ ಹಸುವನ್ನು ನಾವು ನೋಡಿದ್ದೇವಲ್ಲ, ಅದು ಆ ಪದದ ಜೊತೆಗೇ ಉಳಿಯುತ್ತದೆ. ಪದಗಳಿಗೂ ಅವುಗಳದ್ದೇ ಜೊತೆಗಾರರು ಇರುತ್ತಾರೆ. ಆಗುಂಬೆಯ ಮಳೆ ಇಂಗ್ಲಿಷಿನಲ್ಲಿ ‘ಹೆವಿ’, ಆದರೆ ಗಾಳಿ ‘ಸ್ಟ್ರಾಂಗ್’. ನಾವೂ ಗಾಢ ನಿದ್ದೆ ಅನ್ನುತ್ತೇವೆ, ಗಾಢ ಮಳೆ ಅನ್ನುವುದಿಲ್ಲ. ಇದಕ್ಕೆಲ್ಲ ನಿಯಮ ಹುಡುಕುತ್ತ ಕೂರಬೇಡಿ.

ಇನ್ನು ಯಾವ ಪದ ಕಲಿಯಬೇಕು ಅನ್ನುವುದು. ಅಂಗಡಿಯಲ್ಲಿ ಸಿಗುವ ‘ಕಠಿಣ ಪದಗಳು’ ಪುಸ್ತಕ ಬ್ಯಾಂಕ್ ಪರೀಕ್ಷೆ ಕಟ್ಟಿದವರಿಗೆ ಇರಲಿ. ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ ಮುಂದೆ 1953ರಲ್ಲಿ ಹೆಚ್ಚು ಬಳಕೆಯ ಸುಮಾರು 2,000 ಇಂಗ್ಲಿಷ್ ಪದಗಳ ಒಂದು ಪಟ್ಟಿ ತಂದರು, ಹೆಸರು ‘ಜನರಲ್ ಸರ್ವಿಸ್ ಲಿಸ್ಟ್’. ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ಬರುವ ಪದಗಳ ಸುಮಾರು 80% ಪಾಲು ಇವೇ. ಅದರಲ್ಲಿ ಗೊತ್ತಿರುವುದಕ್ಕೆಲ್ಲ ಮೊದಲು ಟಿಕ್ ಹಾಕಿ. ಟೈಮ್, ರೋಡ್, ಲೇಟ್, ಡೋರ್ ಇವೆಲ್ಲ ನಮ್ಮ ಮನೆಮಾತಿನಲ್ಲೇ ಇವೆ. ಉಳಿದ ಪದಗಳಿಗೆ ಮಾತ್ರ ಕಾರ್ಡು ಮಾಡಿದರಾಯಿತು.