ಚಿಕ್ಕಮ್ಮನ ವೀಸಾ ಫೈಲಿನೊಳಗಿನ ನೂರು ವರ್ಷ

ಚಿಕ್ಕಮ್ಮ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಾಗ ಮನೆಯಲ್ಲಿ ಎರಡು ತಯಾರಿ ಒಟ್ಟಿಗೇ ನಡೆದವು. ಅಡುಗೆಮನೆಯಲ್ಲಿ ಅಂಟಿನುಂಡೆ, ಮೆಣಸಿನ ಸಾರಿನ ಪುಡಿ. ನಡುಮನೆಯಲ್ಲಿ ಫೈಲು. ಬ್ಯಾಂಕ್ ಸ್ಟೇಟ್‌ಮೆಂಟ್, ಚಿಕ್ಕಪ್ಪನ ಪಿಂಚಣಿ ಪುಸ್ತಕ, ಮನೆಯ ಖಾತಾ, ಕಂದಾಯದ ರಸೀದಿ, ಮಗಳು ಕಳಿಸಿದ ಪತ್ರ, ಎರಡಿಂಚು ಉದ್ದ ಎರಡಿಂಚು ಅಗಲದ ಫೋಟೋ. ಅಮೆರಿಕದವರು 2016ರ ನವೆಂಬರ್‌ನಿಂದ ವೀಸಾ ಫೋಟೋದಲ್ಲಿ ಕನ್ನಡಕ ಬೇಡ ಅಂದಿದ್ದಾರೆ. ಸ್ಟುಡಿಯೋದಲ್ಲಿ ಕನ್ನಡಕ ತೆಗೆಸಿದಾಗ ಚಿಕ್ಕಮ್ಮ, "ಇದಿಲ್ದೆ ನನ್ನ ಗುರುತು ನನಗೇ ಸಿಗಲ್ಲ, ಅವ್ರಿಗೆ ಹೇಗೆ ಸಿಗುತ್ತೆ?" ಅಂದರು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು: "ಮೊಮ್ಮಗು ನೋಡಕ್ಕೆ ಹೋಗೋಕೂ ಮನೆ ಖಾತಾಗೂ ಏನಪ್ಪಾ ಸಂಬಂಧ?"

ಸಂಬಂಧ ಇದೆ. ಆ ಫೈಲಿನ ಒಂದೊಂದು ಹಾಳೆಯ ಹಿಂದೆಯೂ ಯಾವುದೋ ಕಾಲದಲ್ಲಿ ಯಾವುದೋ ದೇಶಕ್ಕೆ ಹುಟ್ಟಿದ ಹೆದರಿಕೆ ಇದೆ. ಹೆದರಿಕೆ ಹೋದರೂ ಹಾಳೆ ಉಳಿಯುತ್ತದೆ.

ಬ್ಯಾಂಕ್ ಸ್ಟೇಟ್‌ಮೆಂಟಿನಿಂದಲೇ ಶುರು ಮಾಡೋಣ. 1908ರಲ್ಲಿ ಕೆನಡಾ ಎರಡು ನಿಯಮ ತಂದಿತು. ಒಂದು, ಏಷ್ಯಾದಿಂದ ಬರುವವರ ಕೈಯಲ್ಲಿ 200 ಡಾಲರ್ ಇರಬೇಕು. ಇನ್ನೊಂದು, ಹುಟ್ಟಿದ ದೇಶದಿಂದ ಎಲ್ಲೂ ಇಳಿಯದೆ, ಒಂದೇ ಟಿಕೆಟಿನಲ್ಲಿ ನೇರವಾಗಿ ಬರಬೇಕು. ನಿಯಮದಲ್ಲಿ ಭಾರತದ ಹೆಸರೇ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಭಾರತದಿಂದ ಕೆನಡಾಕ್ಕೆ ಹಾಗೆ ನೇರವಾಗಿ ಟಿಕೆಟ್ ಸಿಗದಂತೆ ಮಾಡಿದರೆ ಸಾಕಿತ್ತು. ಭಾರತೀಯರೂ ಆಗ ಬ್ರಿಟಿಷ್ ಪ್ರಜೆಗಳೇ. ಹೆಸರು ಹಿಡಿದು ಬೇಡ ಅನ್ನೋಕೆ ಮುಜುಗರ, ಅಷ್ಟೇ.

1914ರಲ್ಲಿ ಗುರುದಿತ್ ಸಿಂಗ್ ಅನ್ನುವವರು ಕೊಮಗಾಟ ಮಾರು ಎಂಬ ಜಪಾನಿ ಹಡಗನ್ನೇ ಬಾಡಿಗೆಗೆ ಹಿಡಿದು 376 ಭಾರತೀಯರನ್ನು ಕೆನಡಾಕ್ಕೆ ಕರೆದುಕೊಂಡು ಹೋದರು. ಹೊರಟಿದ್ದು ಹಾಂಗ್‌ಕಾಂಗ್‌ನಿಂದ. ಮೇ 23ರಂದು ವ್ಯಾಂಕೂವರ್ ಬಂದರಿನ ಹತ್ತಿರ ಹಡಗು ನಿಂತಿತು. ಇಪ್ಪತ್ತು ಚಿಲ್ಲರೆ ಜನರನ್ನು ಬಿಟ್ಟರೆ ಬೇರೆ ಯಾರನ್ನೂ ಇಳಿಸಲಿಲ್ಲ. ಎರಡು ತಿಂಗಳು ದಡ ಕಣ್ಣೆದುರಿಗೇ ಇತ್ತು. ಜುಲೈ 23ರಂದು ಹಡಗನ್ನು ವಾಪಸ್ ಅಟ್ಟಿದರು. ಕಲ್ಕತ್ತದ ಹತ್ತಿರದ ಬಜ್‌ಬಜ್‌ನಲ್ಲಿ ಇಳಿದವರ ಮೇಲೆ ಬ್ರಿಟಿಷ್ ಪೊಲೀಸರು ಗುಂಡು ಹಾರಿಸಿದರು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ, 102 ವರ್ಷ ಆದ ಮೇಲೆ.

ಅದೇ 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಯಿತು. ಅಲ್ಲಿವರೆಗೆ ಯುರೋಪಿನ ಹೆಚ್ಚಿನ ಕಡೆ ಪಾಸ್‌ಪೋರ್ಟ್ ಇಲ್ಲದೆ ಓಡಾಡಬಹುದಿತ್ತು. ಗೂಢಚಾರರ ಭಯಕ್ಕೆ ಗಡಿಗಳಲ್ಲಿ ಕಾಗದ ಕೇಳತೊಡಗಿದರು. ಯುದ್ಧ ಮುಗಿಯಿತು, ಕೇಳುವುದು ಮುಗಿಯಲಿಲ್ಲ. 1920ರಲ್ಲಿ, ವಿಶ್ವಸಂಸ್ಥೆಗೂ ಮುಂಚೆ ಇದ್ದ ರಾಷ್ಟ್ರಸಂಘ ಪ್ಯಾರಿಸ್‌ನಲ್ಲಿ ಸಭೆ ಸೇರಿಸಿ ಪಾಸ್‌ಪೋರ್ಟಿಗೆ 32 ಪುಟದ ಪುಸ್ತಕ ಅಂತ ಒಂದು ಮಾದರಿ ಗೊತ್ತು ಮಾಡಿತು. ಅದೇ ವರ್ಷ ನಮ್ಮಲ್ಲೂ ಭಾರತಕ್ಕೆ ಬರುವವರ ಪಾಸ್‌ಪೋರ್ಟ್ ನೋಡುವ ಕಾಯ್ದೆ ಬಂತು. ತಾತ್ಕಾಲಿಕ ಅಂತ ಬಂದ ನೆಂಟರು ಮನೆಯಲ್ಲೇ ಉಳಿದ ಹಾಗೆ, ಆ 1920ರ ಕಾಯ್ದೆ 2025ರವರೆಗೂ ಇತ್ತು. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಅದರ ಜಾಗಕ್ಕೆ ಬಂದಿದೆ.

ಹೊರಗಿನವರು ಮಾತ್ರ ತಡೆದರು ಅನ್ನುವ ಹಾಗಿಲ್ಲ. 1967ರವರೆಗೆ ನಮ್ಮ ಪ್ರಜೆಗೆ ಪಾಸ್‌ಪೋರ್ಟ್ ಕೊಡುವುದೂ ಬಿಡುವುದೂ ಸರ್ಕಾರದ ಮರ್ಜಿ. ಆ ವರ್ಷದ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ಸ್ವಾತಂತ್ರ್ಯದ ಭಾಗ ಅಂದಿತು. ಎರಡೇ ತಿಂಗಳಲ್ಲಿ ಪಾಸ್‌ಪೋರ್ಟ್ ಕಾಯ್ದೆ ಬಂತು. 1983ರಲ್ಲಿ ಇನ್ನೊಂದು ಕಾಯ್ದೆ. ಕೊಲ್ಲಿ ದೇಶಗಳಲ್ಲಿ ನಮ್ಮ ಕೆಲಸಗಾರರಿಗೆ ಏಜೆಂಟರು ಮೋಸ ಮಾಡಬಾರದು ಅಂತ ತಂದದ್ದು. ಹತ್ತನೇ ಕ್ಲಾಸು ಪಾಸಾಗದವರು ಆ ಕಡೆ ಕೆಲಸಕ್ಕೆ ಹೋಗಬೇಕಾದರೆ ಇವತ್ತಿಗೂ ಸರ್ಕಾರದ ಒಪ್ಪಿಗೆ ಬೇಕು. ಆ ಒಪ್ಪಿಗೆ ಬೇಕು ಅನ್ನುವ ಪಾಸ್‌ಪೋರ್ಟಿನ ಗುರುತೇ 'ಇಸಿಆರ್'. ಮಂಗಳೂರು, ಉಡುಪಿ, ಭಟ್ಕಳದ ಕಡೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ರಿಟನ್ನಿನ ಕಥೆ ಬೇರೆ. 1962ರವರೆಗೆ ಭಾರತದ ಪಾಸ್‌ಪೋರ್ಟ್ ಹಿಡಿದು ಹೋಗಿ ಅಲ್ಲೇ ನೆಲೆಸಬಹುದಿತ್ತು. ಆಮೇಲೆ ನೆಲೆಸೋಕೆ ಕಡಿವಾಣ ಬಿತ್ತು. ಆದರೂ ಸುಮ್ನೆ ನೋಡಿಕೊಂಡು ಬರೋಕೆ ವೀಸಾ ಬೇಕಿರಲಿಲ್ಲ. ಅದೂ ಹೋಗಿದ್ದು 1986ರ ಅಕ್ಟೋಬರ್‌ನಲ್ಲಿ. ನಿಯಮ ಬರುವ ಮುಂಚೆ ಸೇರಿಕೊಳ್ಳೋಣ ಅಂತ ಜನ ಮುಗಿಬಿದ್ದು ಹೀಥ್ರೂ ವಿಮಾನ ನಿಲ್ದಾಣದಲ್ಲಿ ಕಾಲಿಡಲು ಜಾಗ ಇರಲಿಲ್ಲ.

ಮರುವರ್ಷವೇ ಬ್ರಿಟನ್ ಇನ್ನೊಂದು ಕೆಲಸ ಮಾಡಿತು. ಸರಿಯಾದ ಕಾಗದ ಇಲ್ಲದವರನ್ನು ಕರೆತಂದ ವಿಮಾನ ಕಂಪನಿಗೇ ತಲೆಗೆ 1,000 ಪೌಂಡ್ ದಂಡ. ನನಗೆ ಇಡೀ ಕಥೆಯಲ್ಲಿ ಇದೇ ದೊಡ್ಡ ತಿರುವು ಅನಿಸುತ್ತದೆ. ಗಡಿ ಅವತ್ತು ಲಂಡನ್‌ನಿಂದ ಎದ್ದು ನಮ್ಮೂರ ಚೆಕ್‌ಇನ್ ಕೌಂಟರಿಗೆ ಬಂತು. ಇವತ್ತು ದೇವನಹಳ್ಳಿಯಲ್ಲಿ ಲಗೇಜು ತೂಗುವ ಹುಡುಗಿ ವೀಸಾ ಪುಟ ತಿರುಗಿಸಿ ನೋಡುತ್ತಾಳಲ್ಲ, ಅದು ದಂಡದ ಭಯಕ್ಕೆ. ಭಾರತವೂ 2000ದಲ್ಲಿ ಇಂಥದ್ದೇ ಕಾಯ್ದೆ ಮಾಡಿತು.

ಸರಿ, ಖಾತಾಗೆ ಬರೋಣ. ಅಮೆರಿಕದ 1952ರ ವಲಸೆ ಕಾಯ್ದೆಯಲ್ಲಿ 214(ಬಿ) ಅಂತ ಒಂದು ಸೆಕ್ಷನ್ ಇದೆ. ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲೇ ಉಳಿಯೋಕೆ ಬರುತ್ತಿದ್ದಾರೆ ಅಂತಲೇ ಮೊದಲು ಎಣಿಸಬೇಕು ಅನ್ನುತ್ತದೆ ಅದು. ಇಲ್ಲ ಅಂತ ತೋರಿಸುವ ಹೊಣೆ ಅರ್ಜಿ ಹಾಕಿದವರದ್ದು. ವೀಸಾ ತಿರಸ್ಕಾರದ ಚೀಟಿಯಲ್ಲಿ ಜಾಸ್ತಿ ಕಾಣುವ ನಂಬರ್ ಇದೇ. ಚಿಕ್ಕಮ್ಮನಿಗೆ ಇಲ್ಲಿ ಮನೆ ಇದೆ, ಗಂಡನಿಗೆ ಪಿಂಚಣಿ ಬರುತ್ತದೆ, ಆರು ತಿಂಗಳೊಳಗೆ ವಾಪಸ್ ಬಂದೇ ಬರುತ್ತಾರೆ ಅಂತ ಹೇಳೋದಕ್ಕೆ ಆ ಖಾತಾ.

2001ರ ಸೆಪ್ಟೆಂಬರ್ ದಾಳಿಯ ನಂತರ ಬೆರಳಚ್ಚು ಬಂತು. 2003ರಿಂದ ಹೆಚ್ಚಿನವರಿಗೆ ಮುಖಾಮುಖಿ ಸಂದರ್ಶನ ಕಡ್ಡಾಯವಾಯಿತು. ಅರ್ಜಿ ತೆಗೆದುಕೊಳ್ಳುವುದೇ ಒಂದು ವ್ಯಾಪಾರವೂ ಆಯಿತು. ಈಗ ಎಷ್ಟೋ ದೇಶಗಳಿಗೆ ಈ ಕೆಲಸ ಮಾಡುವ ವಿಎಫ್‌ಎಸ್ ಕಂಪನಿ ಹುಟ್ಟಿದ್ದು 2001ರಲ್ಲಿ, ನಮ್ಮ ಮುಂಬೈಯಲ್ಲೇ.

ಬಾಗಿಲು ತೆರೆದದ್ದೂ ಉಂಟು. ಭಾರತ 2014ರ ನವೆಂಬರ್‌ನಲ್ಲಿ 43 ದೇಶದವರಿಗೆ ಆನ್‌ಲೈನ್ ವೀಸಾ ಶುರು ಮಾಡಿತು. ಮೊದಲ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಬೆಂಗಳೂರೂ ಒಂದು. 2023ರ ಕೊನೆಗೆ ಥಾಯ್ಲೆಂಡ್, ಮಲೇಷ್ಯಾ ನಮಗೆ ವೀಸಾ ಬೇಡ ಅಂದವು. ಮರುವರ್ಷ ಇರಾನ್ ಕೂಡ. ಆದರೆ ಕೆಲಸದ ಆಸೆ ತೋರಿಸಿ ಕರೆದೊಯ್ದು, ಅಲ್ಲಿ ಅಪಹರಿಸಿ ಹಣ ಕೇಳುವ ಜಾಲಗಳು ಹುಟ್ಟಿಕೊಂಡವು. 2025ರ ನವೆಂಬರ್ 22ರಿಂದ ಇರಾನ್ ಆ ರಿಯಾಯಿತಿ ನಿಲ್ಲಿಸಿತು. ಹೆದರಿಕೆ ಬಂತು, ಹಿಂದೆಯೇ ಹಾಳೆಯೂ ಬಂತು.

ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಗಿದ್ದು 2025ರ ಜನವರಿ 17ರಂದು. ಉದ್ಘಾಟನೆಯ ದಿನ ಅಲ್ಲಿ ವೀಸಾ ಸೇವೆ ಇರಲಿಲ್ಲ. ಚಿಕ್ಕಮ್ಮ ಹೊರಟಿದ್ದು ಅದಕ್ಕೂ ಮುಂಚೆ, ಎಲ್ಲರ ಹಾಗೆ ರಾತ್ರಿ ರೈಲಿನಲ್ಲಿ ಚೆನ್ನೈಗೆ. ಅಣ್ಣಾ ಸಾಲೈನ ಜೆಮಿನಿ ಸರ್ಕಲ್ ಹತ್ತಿರ ಬಿಸಿಲಲ್ಲಿ ಸಾಲು. ಒಳಗೆ ಮೊಬೈಲ್ ಬಿಡುವುದಿಲ್ಲ. ಫೋನು, ಚೀಲ ಎಲ್ಲ ಚಿಕ್ಕಪ್ಪನ ಕೈಗೆ ಕೊಟ್ಟು, ಫೈಲನ್ನು ಮಾತ್ರ ಎದೆಗೆ ಅವುಚಿಕೊಂಡು ಹೋದರು.

ಗಾಜಿನ ಆಚೆಯ ಅಧಿಕಾರಿ ಯಾಕೆ ಹೋಗುತ್ತಿದ್ದೀರಿ ಅಂದರು. ಮಗಳು ಅಲ್ಲಿ ಏನು ಮಾಡುತ್ತಾಳೆ ಅಂದರು. ಎಷ್ಟು ದಿನ ಅಂದರು. ಮೂರು ನಿಮಿಷ ಆಗಿರಬಹುದು. ವೀಸಾ ಮಂಜೂರಾಗಿದೆ ಅಂತ ಹೇಳಿ ಪಾಸ್‌ಪೋರ್ಟ್ ಇಟ್ಟುಕೊಂಡರು.

ಹೊರಗೆ ಬಂದ ಚಿಕ್ಕಮ್ಮನಿಗೆ ಖುಷಿಗಿಂತ ಸಿಟ್ಟೇ ಜಾಸ್ತಿ. "ಫೈಲು ಬಿಚ್ಚಲೇ ಇಲ್ಲ ಕಣ್ರೀ" ಅಂದರು ಚಿಕ್ಕಪ್ಪನಿಗೆ.